ಮೂರು ಡಬ್ಬಿ ಅಕ್ಕಿ

ಜುಲೈ 8, ಗುರುವಾರ

ಕಾರ್ಖಾನೆಯ ಶೈತ್ಯಾಗಾರಕ್ಕೆ ಇಂದು ಬೀಗ ಬಿತ್ತು. ನಾಲ್ಕು ಕಂಪ್ರೆಸರುಗಳನ್ನು ನಾನೇ ನಿಲ್ಲಿಸಿ, ಅಮೋನಿಯಾ ಕವಾಟಗಳನ್ನು ಮುಚ್ಚಿ, ಸಹಿ ಮಾಡಿ ಬಂದೆ. ಬರುವಾಗ ಬಳಸದೆ ಉಳಿದಿದ್ದ ಒಂದು ದಾಖಲೆ ಪುಸ್ತಕವನ್ನು ತಂದಿದ್ದೇನೆ. ಸಮಯ, ಉಷ್ಣತೆ, ಒತ್ತಡ, ಷರಾ ಎಂದು ನಾಲ್ಕು ಅಂಕಣಗಳು. ಇಪ್ಪತ್ತೆಂಟು ವರ್ಷ ಮೊದಲ ಮೂರನ್ನು ತುಂಬಿದ್ದೇನೆ. ಷರಾ ಅಂಕಣ ಬಹುಮಟ್ಟಿಗೆ ಖಾಲಿಯೇ ಇರುತ್ತಿತ್ತು. ಇನ್ನು ಮನೆಯ ದಾಸ್ತಾನನ್ನು ಇದರಲ್ಲಿ ಬರೆಯುವುದು.

ರೋಗ ಹಬ್ಬುತ್ತಿರುವುದರಿಂದ ನಾಳೆಯಿಂದ ಸೈಗಾನ್ ನಗರ ಪೂರ್ತಿ ಬಂದ್. ಆದೇಶದಲ್ಲಿ ಹದಿನೈದು ದಿನ ಎಂದಿದೆ. ನನ್ನ ಅಂದಾಜು ಅರವತ್ತು.

ಅಂಗಡಿಯ ಮುಂದೆ ಮೂರು ಗಂಟೆ ಹತ್ತು ನಿಮಿಷ ನಿಂತೆ. ಸ್ಕೂಟರಿನಲ್ಲಿ ಐದು ಸಲ ಹೋಗಿ ಬಂದೆ. ಐವತ್ತು ಕೆಜಿಯ ಒಂದು ಚೀಲ ಅಕ್ಕಿ, ಎಂಟು ಕೆಜಿ ಹಂದಿಮಾಂಸ, ತೊಂಬತ್ತು ಮೊಟ್ಟೆ, ಒಣಮೀನು, ಎರಡು ಪೆಟ್ಟಿಗೆ ನೂಡಲ್ಸ್, ನಾಲ್ಕು ಶೀಷೆ ಮೀನಿನ ಉಪ್ಪುರಸ. ಮಾಂಸವನ್ನು ನೂರೈವತ್ತು ಗ್ರಾಮಿನ ಪೊಟ್ಟಣಗಳಾಗಿ ಕಟ್ಟಿ, ದಿನಾಂಕ ಬರೆದು, ಫ್ರೀಜರಿನೊಳಗೆ ಗಾಳಿಯಾಡುವಂತೆ ಜೋಡಿಸಿದೆ.

ಅಮ್ಮ ಮಂಚದಿಂದಲೇ ನೋಡುತ್ತಿದ್ದರು. "ನಮ್ಮ ಕಾಲದಲ್ಲಿ ಇಟ್ಟಿಗೆ ಮೇಲೆ ಹೆಸರು ಬರೆದು ಸಾಲಲ್ಲಿ ಇಟ್ಟು ಮನೆಗೆ ಬರ್ತಿದ್ವಿ ಕಣೋ. ಇಟ್ಟಿಗೆ ನಮ್ಮ ಬದಲು ನಿಂತ್ಕೊಳ್ತಿತ್ತು. ನೀನು ಮೂರು ಗಂಟೆ ನೀನೇ ನಿಂತೆಯಲ್ಲ. ಎಂಜಿನಿಯರಿಂಗ್ ಓದಿ ಏನು ಬಂತು?"

ಹತ್ತು ವರ್ಷದವನಿದ್ದಾಗ ಪಡಿತರದ ಸಾಲಿನಲ್ಲಿ ನನ್ನ ಇಟ್ಟಿಗೆಯನ್ನು ಯಾರೋ ಹಿಂದಕ್ಕೆ ಸರಿಸಿದ್ದರು. ನಾನು ಗಮನಿಸಿರಲಿಲ್ಲ. ಆ ತಿಂಗಳು ದನದ ಮೇವಿಗೆ ಬರುತ್ತಿದ್ದ ಸಿಪ್ಪೆಜೋಳವನ್ನು ತಿಂದೆವು. ಅಮ್ಮ ಒಂದು ಮಾತೂ ಬೈಯಲಿಲ್ಲ.

"ಎದುರು ಔಷಧಿ ಅಂಗಡೀಲಿ ಬೆರಳಿಗೆ ಸಿಕ್ಕಿಸೋದು ಮಾರ್ತಿದಾರಂತೆ ರೀ," ಎಂದಳು ನನ್ನ ಹೆಂಡತಿ ಥಾಮ್. "ರಕ್ತದಲ್ಲಿ ಉಸಿರು ಎಷ್ಟಿದೆ ಅಂತ ತೋರ್ಸುತ್ತಂತೆ. ಎಲ್ರೂ ಒಂದೊಂದು ತಗೊಳ್ತಿದಾರೆ."

ಆ ಸಾಲಿನಲ್ಲಿ ಇನ್ನೆರಡು ಗಂಟೆ ಹೋಗುತ್ತಿತ್ತು. ಅದೂ ಅಲ್ಲದೆ ಅಂಥ ಅಗ್ಗದ ಉಪಕರಣಗಳನ್ನು ಯಾರೂ ಪರೀಕ್ಷಿಸಿರುವುದಿಲ್ಲ. ತಪ್ಪು ತೋರಿಸುವ ಮಾಪಕ ಇರುವುದಕ್ಕಿಂತ ಇಲ್ಲದಿರುವುದೇ ಮೇಲು ಎಂದೆ.

ಜುಲೈ 9, ಶುಕ್ರವಾರ

ಮಂದಹಾಲಿನ ಹಳೆಯ ಡಬ್ಬಿಯೇ ನಮ್ಮ ಮನೆಯ ಅಳತೆ. ಅಂಚಿನ ಮಟ್ಟಕ್ಕೆ ತಲೆ ಸವರಿದರೆ 280 ಗ್ರಾಂ. ತಲೆಗೊಂದರಂತೆ ದಿನಕ್ಕೆ ಮೂರು ಡಬ್ಬಿ, 840 ಗ್ರಾಂ. ಒಂದು ಚೀಲಕ್ಕೆ ಐವತ್ತೊಂಬತ್ತೂವರೆ ದಿನ. ಅಂದಾಜು ಸರಿಯಾಗಿದೆ.

ನಮ್ಮ ಓಣಿಯ ಅಗಲ ಎರಡು ಮೀಟರು. ಎದುರು ಮನೆಯ ಮಹಡಿ ಕಿಟಕಿಯೂ ನಮ್ಮದೂ ಮುಖಾಮುಖಿ. ಅಲ್ಲಿರುವುದು ಆರನೆಯಕ್ಕ. ಹುಟ್ಟಿದ ಕ್ರಮದಿಂದಲೇ ಎಲ್ಲರೂ ಹಾಗೆ ಕರೆಯುವುದು, ಹೆತ್ತವರಿಟ್ಟ ಹೆಸರು ಈ ಓಣಿಯಲ್ಲಿ ಯಾರಿಗೂ ಗೊತ್ತಿಲ್ಲ. ಓಣಿಯ ಬಾಯಲ್ಲಿ ನುಚ್ಚಕ್ಕಿ ಅನ್ನದ ಗಾಡಿ ಇಟ್ಟಿದ್ದವರು. ಇಂದು ಅವರ ಸಾಲಿನ ಮನೆಗಳಿಗೆ ಹಗ್ಗ ಮತ್ತು ತಗಡು ಕಟ್ಟಿ ಮುಚ್ಚಿದ್ದಾರೆ. ಕೊನೆಯ ಮನೆಯಲ್ಲಿ ಒಬ್ಬರಿಗೆ ರೋಗವಂತೆ.

"ಏನ್ ಐಸ್ ಸಾಹೇಬ್ರೇ," ಎಂದರು ಕಿಟಕಿಯಿಂದ. "ನಿನ್ನೆ ಐದು ಸಲ ಸ್ಕೂಟರ್ ಬಂತು. ಅಂಗಡೀನೇ ಹೊತ್ಕೊಂಡು ಬಂದ್ರೋ, ಏನಾದ್ರೂ ಬಿಟ್ಟು ಬಂದಿದೀರೋ?"

"ಉಪ್ಪು ಬಿಟ್ಟು ಬಂದಿದಾರೆ ಅಕ್ಕಾ," ಎಂದು ಥಾಮ್ ನಕ್ಕಳು.

ನಿಜ. ಉಪ್ಪನ್ನು ಮರೆತಿದ್ದೆ. ಆರನೆಯಕ್ಕ ನೀಲಿ ಅಂಚಿನ ಬಟ್ಟಲಿನ ತುಂಬ ಉಪ್ಪು ಹಾಕಿ, ಬಟ್ಟೆ ಒಣಗಿಸುವ ಬಿದಿರುಕೋಲಿನ ಕೊಕ್ಕೆಗೆ ಪುಟ್ಟ ಬುಟ್ಟಿ ಸಿಕ್ಕಿಸಿ, ಕಿಟಕಿಯಿಂದ ಕಿಟಕಿಗೆ ದಾಟಿಸಿದರು. ಬಟ್ಟಲು ಸುಮಾರು 300 ಗ್ರಾಂ ಹಿಡಿಯುತ್ತದೆ.

ಜುಲೈ 16, ಶುಕ್ರವಾರ

ಥಾಮ್ ಹೊಲಿಗೆ ಯಂತ್ರದ ಮುಂದೆ ಕುಳಿತೇ ಮಾತು ತೆಗೆದಳು. ಆರನೆಯಕ್ಕನ ಮಗ ಸೊಸೆ ಇಬ್ಬರೂ ಬೇರೆ ಪ್ರಾಂತ್ಯದಲ್ಲಿ ಕಾರ್ಖಾನೆಯೊಳಗೇ ಬಂದಿಯಾಗಿದ್ದಾರೆ, ಎರಡು ಹೆಣ್ಣು ಮೊಮ್ಮಕ್ಕಳು ಇವರ ಬಳಿ. ಗಾಡಿ ನಿಂತ ಮೇಲೆ ದಿನವೂ ನೂಡಲ್ಸಿನ ತಿಳಿ.

"ನಮ್ಮಲ್ಲಿ ಇದೆಯಲ್ವಾ ರೀ."

ಮೂವರಿಗೆ ಅರವತ್ತು ದಿನ ಬರುವುದು ಆರು ಮಂದಿಗೆ ಮೂವತ್ತು ದಿನ ಬರುತ್ತದೆ ಎಂದು ವಿವರಿಸಿದೆ. ಮೂವತ್ತೊಂದನೆಯ ದಿನ ಆರೂ ಮಂದಿ ಹಸಿದಿರುತ್ತಾರೆ. ಅದರಿಂದ ಯಾರಿಗೂ ಉಪಕಾರವಿಲ್ಲ. ಅವಳು "ಹೌದು" ಎಂದಳು. ಲೆಕ್ಕವನ್ನು ಒಪ್ಪಿದಳು.

ಜುಲೈ 18, ಭಾನುವಾರ

ಹತ್ತು ದಿನಗಳ ತಪಾಸಣೆ. ಚೀಲದಲ್ಲಿ 41.6 ಕೆಜಿ ಇರಬೇಕಿತ್ತು. ಇರುವುದು 39.1. ಎರಡೂವರೆ ಕೆಜಿ ವ್ಯತ್ಯಾಸ.

ಅಡುಗೆಮನೆಯಲ್ಲಿ ನಿಂತು ನೋಡಿದೆ. ಥಾಮ್ ಡಬ್ಬಿಯನ್ನು ರಾಶಿ ತುಂಬುತ್ತಾಳೆ, ತಲೆ ಸವರುವುದಿಲ್ಲ. ರಾಶಿ ತುಂಬಿದ ಡಬ್ಬಿಯನ್ನು ಐದು ಸಲ ತೂಗಿದೆ. ಸರಾಸರಿ 330 ಗ್ರಾಂ. ಅಲ್ಲಿಗೆ ಒಂದೂವರೆ ಕೆಜಿಗೆ ಕಾರಣ ಸಿಕ್ಕಿತು. ಉಳಿದ ಒಂದು ಕೆಜಿಗೆ ಸಿಗಲಿಲ್ಲ. ಇಲಿಯ ಹಿಕ್ಕೆ ಎಲ್ಲಿಯೂ ಇಲ್ಲ.

ಜುಲೈ 19, ಸೋಮವಾರ

ಕಾರ್ಖಾನೆಯ ಉಕ್ಕಿನ ಸ್ಕೇಲನ್ನು ದಾರ ಕಟ್ಟಿ ಅಕ್ಕಿ ಚೀಲದ ಮೇಲೆ ತೂಗುಹಾಕಿದೆ. ಡಬ್ಬಿ ತುಂಬಿ, ಅದರಿಂದ ತಲೆ ಸವರಿ, ಆಮೇಲೆ ಪಾತ್ರೆಗೆ ಹಾಕುವುದು. ಚೀಲದ ಬಾಯಿಗೆ ಗಂಟು ಹಾಕುವ ಕೆಲಸವನ್ನೂ ನಾನೇ ವಹಿಸಿಕೊಂಡೆ.

"ಮದುವೆಯಾಗಿ ಇಪ್ಪತ್ತಾರು ವರ್ಷ ಆದ ಮೇಲೆ ಹೆಂಡತಿ ಕೈಗೆ ಸ್ಕೇಲ್ ಕೊಡ್ತಾನೆ," ಎಂದರು ಅಮ್ಮ. "ನಾನು ಒಬ್ಬ ಮಗನ್ನ ಹೆತ್ತೆ ಅಂದ್ಕೊಂಡಿದ್ದೆ. ತಕ್ಕಡಿ ಹೆತ್ತಿದೀನಿ."

ಥಾಮ್ ಸ್ಕೇಲನ್ನು ಒಂದು ಸಲ ಎಳೆದು ನೋಡಿದಳು. ಡಬ್ಬಿಯ ಅಂಚಿಗೆ ತಾಗಿ ಕಿರ್ರ್ ಎಂದಿತು. "ಹೀಗಾ?" ಎಂದಳು. "ಹೀಗೆ" ಎಂದೆ.

ಜುಲೈ 28, ಬುಧವಾರ

ಇರಬೇಕಾದದ್ದು 30.7. ಇರುವುದು 30.7. ಲೆಕ್ಕ ಹೊಂದಿತು.

ಸಂಜೆ ಆರರ ನಂತರ ಯಾರೂ ಹೊರಗೆ ಕಾಲಿಡುವಂತಿಲ್ಲ. ಥಾಮ್ ತನ್ನ ಎರಡು ರವಿಕೆಗಳನ್ನು ಯಂತ್ರಕ್ಕೆ ಹಾಕಿ ಬಿಗಿ ಮಾಡಿಕೊಳ್ಳುತ್ತಿದ್ದಳು. ಸೆಕೆಗೆ ಊಟ ಸೇರುತ್ತಿಲ್ಲವಂತೆ.

ಜುಲೈ 30, ಶುಕ್ರವಾರ

ಮಧ್ಯಾಹ್ನ ಮಹಡಿಯ ಫ್ಯಾನಿಗೆ ಎಣ್ಣೆ ಹಾಕಲು ಹೊರಟವನು ಮೆಟ್ಟಿಲ ಅರ್ಧದಲ್ಲಿ ನಿಂತೆ. ಥಾಮ್ ಕಿಟಕಿಯಲ್ಲಿ ಬಿದಿರುಕೋಲು ಹಿಡಿದಿದ್ದಳು. ಬುಟ್ಟಿಯಲ್ಲಿ ನೀಲಿ ಅಂಚಿನ ಬಟ್ಟಲು. ಅದರಲ್ಲಿ ಅವಳ ಪಾಲಿನ ಅನ್ನ, ಅರ್ಧ ಮೊಟ್ಟೆ, ಎರಡು ತುಂಡು ಮಾಂಸ. ಕೋಲು ಭಾರಕ್ಕೆ ಬಾಗಿ ಅಲುಗುತ್ತಿತ್ತು. ಆಚೆಯಿಂದ ಆರನೆಯಕ್ಕನ ಕೈ ಬಂದು ಹಿಡಿಯಿತು.

ಒಂದು ಕೆಜಿ ಎಲ್ಲಿ ಹೋಯಿತೆಂದು ತಿಳಿಯಿತು. ಲೆಕ್ಕ ಏಕೆ ಹೊಂದಿತೆಂದೂ ತಿಳಿಯಿತು.

ರಾತ್ರಿಯ ಊಟಕ್ಕೆ ಕುಳಿತಾಗ ಹೇಳಿದೆ. ಇನ್ನು ಮೇಲೆ ಮೂವರೂ ಒಟ್ಟಿಗೆ ಕೂರುವುದು. ಬಟ್ಟಲು ಖಾಲಿಯಾಗುವವರೆಗೆ ಯಾರೂ ಏಳುವುದು ಬೇಡ.

"ನನ್ನ ಪಾಲು ನನ್ನದಲ್ವಾ?" ಎಂದಳು ಥಾಮ್, ಮೆಲ್ಲಗೆ.

"ನಿನ್ನ ಪಾಲು ನಿನ್ನ ಹೊಟ್ಟೆಗೆ ಅಂತ ಲೆಕ್ಕ ಹಾಕಿದ್ದು."

"ಇದೇನೋ ಜೈಲಾ?" ಎಂದರು ಅಮ್ಮ. ಥಾಮ್ ಪೂರ್ತಿ ಉಂಡಳು.

ಜುಲೈ 31, ಶನಿವಾರ

ವಾರ್ಡಿನವರು ಕೊಟ್ಟ ಚೀಟಿಯಲ್ಲಿ ಮನೆಗೊಬ್ಬರು ಮಾರುಕಟ್ಟೆಗೆ ಹೋಗಬಹುದು. ನಾನು ಹೋದೆ. ಕುಂಬಳ ಎರಡು, ಶುಂಠಿ ತಂದೆ. ಸೊಪ್ಪು ಸಿಗಲಿಲ್ಲ. ನೆಲದ ಮೇಲೆ ಗೀಚಿದ್ದ ವೃತ್ತಗಳು ಅಳಿಸಿಹೋಗಿದ್ದರಿಂದ ಸಾಲು ಒತ್ತೊತ್ತಾಗಿತ್ತು. ಹಿಂದಿನವನು ಕೆಮ್ಮುತ್ತಿದ್ದ.

ಆಗಸ್ಟ್ 3, ಮಂಗಳವಾರ

ಬೆಳಿಗ್ಗೆ ಗಂಟಲು ಕೆರೆತ, ಸಂಜೆಗೆ ಇಳಿಯಿತು. ಫ್ರೀಜರಿನ ಹಿಮ ಕೆರೆಯುವಾಗ ತಣ್ಣನೆಯ ಗಾಳಿ ತಾಗಿರಬೇಕು. ಕಾರ್ಖಾನೆಯವರು ಜೂನಿನಲ್ಲೇ ನನಗೆ ಲಸಿಕೆ ಹಾಕಿಸಿದ್ದಾರೆ. ಅಮ್ಮನ, ಥಾಮಳ ಸರದಿ ಇನ್ನೂ ಬಂದಿಲ್ಲ.

ಆಗಸ್ಟ್ 5, ಗುರುವಾರ

ಥಾಮ್ ಅರ್ಧ ಬಟ್ಟಲು ಬಿಟ್ಟಳು. ನಾನು ಎದ್ದು ಹೋಗಲಿ ಎಂದು ಕಾಯುತ್ತಿದ್ದಾಳೆಂದು ಕಂಡಿತು. ನಾನು ಏಳಲಿಲ್ಲ. ನಲವತ್ತು ನಿಮಿಷ ಕುಳಿತೆ.

"ಅನ್ನಕ್ಕೆ ಘಮಾನೇ ಇಲ್ಲ ರೀ," ಎಂದಳು.

ಚೀಲದೊಳಗೆ ಮುಖ ಇಟ್ಟು ನೋಡಿದೆ. ಘಮ ಇದೆ. ಅಕ್ಕಿ ಚೆನ್ನಾಗಿದೆ. ಹಾಗೆಂದು ಹೇಳಿದೆ.

ಆಗಸ್ಟ್ 6, ಶುಕ್ರವಾರ

ಎಳನೀರಿನಲ್ಲಿ ಬೇಯಿಸಿದ ಮಾಂಸ ಬಾಯಿಗಿಡಲು ಬಾರದಷ್ಟು ಉಪ್ಪು.

"ಏನೇ ಇದು, ಸಮುದ್ರಾನೇ ಸುರಿದಿದೀಯಾ?" ಎಂದರು ಅಮ್ಮ. "ಮೂಗು ಅಡ ಇಟ್ಟು ಬಂದ್ಯಾ?"

ಥಾಮ್ ನಕ್ಕಳು. ಉಪ್ಪುರಸ ಎಷ್ಟು ಸುರಿದರೂ ವಾಸನೆ ಬರಲಿಲ್ಲ, ಅದಕ್ಕೇ ಇನ್ನಷ್ಟು ಸುರಿದೆ ಎಂದಳು. ಶೀಷೆ ಹಿಡಿದು ನೋಡಿದೆ. ಒಂದೇ ದಿನಕ್ಕೆ ನಾಲ್ಕು ದಿನದ ಅಳತೆ ಹೋಗಿದೆ. ನನ್ನ ಮೇಲಿನ ಸಿಟ್ಟನ್ನು ಹೀಗೆ ತೀರಿಸಿಕೊಳ್ಳುವುದು ಅವಳ ಸ್ವಭಾವವಲ್ಲ. ಆದರೂ ಬೇರೆ ಕಾರಣ ತೋರಲಿಲ್ಲ.

ಆಗಸ್ಟ್ 7, ಶನಿವಾರ

ಇಂದು ಅವಳು ಮುಟ್ಟಿದ್ದೇ ಇಲ್ಲ. "ಆಮೇಲೆ ತಿಂತೀನಿ" ಎಂದು ಬಟ್ಟಲು ಮುಚ್ಚಿಟ್ಟು ಮಹಡಿಗೆ ಹೋದಳು. ಹತ್ತು ನಿಮಿಷ ಬಿಟ್ಟು ಹಿಂದೆಯೇ ಹೋದೆ. ಕಿಟಕಿ ಮುಚ್ಚಿತ್ತು. ಕೋಲು ಮೂಲೆಯಲ್ಲಿತ್ತು. ಅವಳು ಗೋಡೆಯ ಕಡೆ ತಿರುಗಿ ಮಲಗಿದ್ದಳು.

"ನೀಲಿ ಬಟ್ಟಲು ಎಲ್ಲಿಟ್ಟಿದೀಯ?" ಎಂದೆ.

"ಯಾವ ಬಟ್ಟಲು?"

"ಥಾಮ್."

"ಅವರ ಮನೇಲೇ ಇದೆ ರೀ. ಆವತ್ತಿಂದ ವಾಪಸ್ ಬಂದಿಲ್ಲ."

ಕೆಳಗೆ ಬಂದು ಬಿಟ್ಟ ಅನ್ನವನ್ನು ತೂಗಿದೆ. 410 ಗ್ರಾಂ. ಹಾಳಾಗದಂತೆ ಫ್ರೀಜರಿಗೆ ಹಾಕಿ ದಿನಾಂಕ ಬರೆದೆ.

ಆಗಸ್ಟ್ 9, ಸೋಮವಾರ

ಬೆಳಿಗ್ಗೆ ಹತ್ತಕ್ಕೆ ಥಾಮ್ ಕಿಟಕಿ ತೆರೆಯಲು ಎದ್ದಿದ್ದಾಳೆ. ನಾನು ಕೆಳಗಿದ್ದೆ. ಆರನೆಯಕ್ಕನ ಕೂಗು ಓಣಿಯುದ್ದಕ್ಕೂ ಕೇಳಿತು.

"ಐಸ್ ಸಾಹೇಬ್ರೇ! ಅವಳ ತುಟಿ ನೋಡ್ರೀ, ನೀಲಿ ಆಗಿದೆ! ಒಂದೇ ಮನೇಲಿದೀರಲ್ಲಾ, ಕಣ್ಣಿಲ್ವಾ ನಿಮಗೆ?"

ಅವರ ಬಳಿ ಬೆರಳಿಗೆ ಸಿಕ್ಕಿಸುವ ಮಾಪಕ ಇತ್ತು, ಸ್ವಯಂಸೇವಕರು ಕೊಟ್ಟದ್ದಂತೆ. ನೀಲಿ ಬಟ್ಟಲಿನಲ್ಲಿಟ್ಟು ಕೋಲಿನಲ್ಲಿ ದಾಟಿಸಿದರು. ಮೊದಲು ನನ್ನ ಬೆರಳಿಗೆ ಹಾಕಿ ಪರೀಕ್ಷಿಸಿದೆ: 97. ಮಾಪಕ ಸರಿಯಿದೆ. ಆಮೇಲೆ ಥಾಮಳ ಬೆರಳಿಗೆ: 81. ಇನ್ನೊಂದು ಬೆರಳಿಗೆ ಹಾಕಿದೆ. 81.

ಆಂಬುಲೆನ್ಸ್ ಬರಲು ಎರಡು ಗಂಟೆ ಐವತ್ತು ನಿಮಿಷ ಹಿಡಿಯಿತು. ಅಷ್ಟೂ ಹೊತ್ತು ಅವಳನ್ನು ಬೋರಲು ಮಲಗಿಸಿ ಬೆನ್ನು ನೀವುತ್ತಿದ್ದೆ. ಬಿಳಿ ಉಡುಪಿನ ಇಬ್ಬರು ಬಂದು ಕುರ್ಚಿಯಲ್ಲಿ ಕೂರಿಸಿ ಮೆಟ್ಟಿಲು ಇಳಿಸಿದರು. ನಾನು ಜೊತೆಗೆ ಹೋಗುವಂತಿಲ್ಲ ಎಂದರು. ಅಡುಗೆಮನೆಯ ಬಾಗಿಲಿಗೆ ಬಂದಾಗ ಅವಳು ಮುಖಕ್ಕೆ ಹಾಕಿದ್ದನ್ನು ಸರಿಸಿದಳು.

"ಮೂರು ಡಬ್ಬೀನೇ ಹಾಕಿ ರೀ. ಕಡಿಮೆ ಮಾಡ್ಬೇಡಿ."

"ಹೂಂ" ಎಂದೆ.

ಆಗಸ್ಟ್ 10, ಮಂಗಳವಾರ

ಮನೆಯಲ್ಲಿ ಇಬ್ಬರು. ಇಬ್ಬರಿಗೆ ಮೂರು ಡಬ್ಬಿ ಬೇಯಿಸುವುದರಲ್ಲಿ ಅರ್ಥವಿಲ್ಲ, ಇಂದಿನಿಂದ ಎರಡು. ಉಳಿಸಿದ್ದು ಅವಳು ಬಂದ ಮೇಲೆ ಗಂಜಿಗಾಗುತ್ತದೆ. ಅನ್ನ ನಾನೇ ಮಾಡಿದೆ. ತಳ ಹಿಡಿಯಿತು.

ಆಗಸ್ಟ್ 12, ಗುರುವಾರ

ಆಸ್ಪತ್ರೆಯ ಸಂಖ್ಯೆಗೆ ಮೂವತ್ತೊಂದು ಸಲ ಕರೆ ಮಾಡಿದೆ. ಒಂದು ಸಲ ಎತ್ತಿದರು. ಆಮ್ಲಜನಕದಲ್ಲಿದ್ದಾರೆ ಎಂದರು.

ಈ ಪುಸ್ತಕವನ್ನು ಹಿಂದಕ್ಕೆ ತಿರುವಿ ಓದಿದೆ. 31ರಂದು ಸಾಲಿನಲ್ಲಿ ಕೆಮ್ಮು. 3ರಂದು ನನ್ನ ಗಂಟಲು. 5ರಂದು ಘಮವಿಲ್ಲ. 6ರಂದು ಉಪ್ಪು. 7ರಂದು 410 ಗ್ರಾಂ. ವಾಸನೆ ಹೋಗುವುದು ಈ ರೋಗದ ಗುರುತೆಂದು ಒಂದೂವರೆ ವರ್ಷದಿಂದ ದಿನಪತ್ರಿಕೆಯಲ್ಲಿ ಬರುತ್ತಿದೆ. ನನಗೆ ಗೊತ್ತಿತ್ತು. ಯಾರಾದರೂ ಕೇಳಿದ್ದರೆ ಹೇಳುತ್ತಿದ್ದೆ.

ಮಾಪಕ ಸರಿಯಾಗಿಯೇ ತೋರಿಸುತ್ತಿತ್ತು. ಎಲ್ಲವನ್ನೂ ಬರೆದುಕೊಂಡಿದ್ದೇನೆ. ಓದಲಿಲ್ಲ.

ಆಗಸ್ಟ್ 14, ಶನಿವಾರ

ಬೆಳಿಗ್ಗೆ 9.20ಕ್ಕೆ ದೂರವಾಣಿ. ಥಾಮ್, 6.05ಕ್ಕೆ.

ಆಗಸ್ಟ್ 15, ಭಾನುವಾರ

ದಹನ ಅವರೇ ಮಾಡುತ್ತಾರಂತೆ. ಬೂದಿ ಯಾವಾಗ ಬರುತ್ತದೆಂದು ಹೇಳಲಾಗದು.

ಗತಿಸಿದ ಹಿರಿಯರನ್ನು ಪೂಜಿಸುವ ಪೀಠದ ಕೆಳಗೆ ಒಂದು ಮೇಜು ಇಟ್ಟೆ. ಚಿತ್ರ ಇರಲಿಲ್ಲ. ಸ್ಕೂಟರ್ ಪರವಾನಗಿಗೆ ತೆಗೆಸಿದ್ದ ಸಣ್ಣ ಫೋಟೋ ಸಿಕ್ಕಿತು. ಅದನ್ನೇ ಸೋಪಿನ ಡಬ್ಬಿಗೆ ಒರಗಿಸಿ ನಿಲ್ಲಿಸಿದೆ.

"ಅಕ್ಕಿ ಅಳೆಯೋ," ಎಂದರು ಅಮ್ಮ. ನಿನ್ನೆಯಿಂದ ಅವರು ಮಂಚ ಬಿಟ್ಟು ನೆಲದ ಮೇಲೆ ಕೂರುತ್ತಿದ್ದಾರೆ. "ಅವಳಿಗೂ ಇಡ್ಬೇಕು. ನಿನ್ನೆ ಸೇರಿಸಿ ನಲವತ್ತೊಂಬತ್ತು ದಿನ. ನಾವು ಏನು ಉಣ್ತೀವೋ ಅದು."

ಮೂರು ಡಬ್ಬಿ ಹಾಕಿದೆ.

ಅನ್ನ, ಮೊಟ್ಟೆ, ಮೇಲೆ ಒಂದು ಜೊತೆ ಊಟದ ಕಡ್ಡಿ. ಊದುಬತ್ತಿ ಉರಿದು ಮುಗಿಯಿತು. ಅಮ್ಮ ಬಟ್ಟಲನ್ನು ಇಳಿಸಿ ನನ್ನ ಮುಂದಿಟ್ಟರು. "ತಿನ್ನೋ ಖಿಯೆಮ್. ಅವರು ಉಂಡಾದ ಮೇಲೆ ಉಳಿದವರು ತಿನ್ಬೇಕು. ಬಿಸಾಡಬಾರದು."

ಆಗಲಿಲ್ಲ. ಬಟ್ಟಲನ್ನು ಹಿಡಿದು ಮನೆಯೊಳಗೆ ಸ್ವಲ್ಪ ಹೊತ್ತು ಓಡಾಡಿದೆ. ನೀಲಿ ಅಂಚಿನದು ಮಹಡಿಯಲ್ಲೇ ಇತ್ತು, ಮಾಪಕವನ್ನು ಹಿಂದಿರುಗಿಸಿರಲಿಲ್ಲ. ಅನ್ನವನ್ನು ಅದಕ್ಕೆ ಹಾಕಿ, ಮಾಪಕವನ್ನು ಪಕ್ಕದಲ್ಲಿಟ್ಟು, ಕೋಲನ್ನು ಹೊರಗೆ ಚಾಚಿದೆ. ಕೋಲು ವಿಪರೀತ ಅಲುಗಿತು. ಅವಳು ಇದನ್ನು ಹೇಗೆ ಹಿಡಿಯುತ್ತಿದ್ದಳೋ ತಿಳಿಯದು.

ಆರನೆಯಕ್ಕ ಕಿಟಕಿಗೆ ಬಂದರು. ತಮಾಷೆ ಮಾಡಲಿಲ್ಲ.

"ಅವಳ ಪಾಲು" ಎಂದೆ.

ಆಗಸ್ಟ್ 20, ಶುಕ್ರವಾರ

ಬಿದಿರುಕೋಲು ಈ ಕೆಲಸಕ್ಕೆ ಯೋಗ್ಯವಲ್ಲ. ಎರಡೂ ಕಿಟಕಿಗಳಿಗೆ ಒಂದೊಂದು ರಾಟೆ ಕೂರಿಸಿ ನೈಲಾನ್ ಹಗ್ಗದ ಸುತ್ತು ಹಾಕಿದೆ. ಆಚೆಯ ರಾಟೆಯನ್ನು ನನ್ನ ಸೂಚನೆಯಂತೆ ಆರನೆಯಕ್ಕ ಬಿಗಿದರು. ಈಚೆಯದಕ್ಕೆ ಉಕ್ಕಿನ ಪಟ್ಟಿಯ ಆಧಾರ ಬೇಕಿತ್ತು. ಅಡುಗೆಮನೆಯ ಸ್ಕೇಲಿಗೆ ತೂತು ಕೊರೆದು ಬಳಸಿದೆ. ಐದು ಕೆಜಿಯವರೆಗೆ ಭಾರ ತಡೆಯುತ್ತದೆ.

"ಏನಿದು ಸಾಹೇಬ್ರೇ, ವಿಮಾನಾನಾ?" ಎಂದರು. ಸ್ವರ ಮೊದಲಿನಂತಿರಲಿಲ್ಲ. "ಟಿಕೆಟ್ ಎಷ್ಟು?"

ರಾಟೆಗೆ ಎಣ್ಣೆ ಹಾಕಿದೆ.

ಆಗಸ್ಟ್ 26, ಗುರುವಾರ

ಸೋಮವಾರದಿಂದ ಮಾರುಕಟ್ಟೆಯ ಚೀಟಿಯೂ ಇಲ್ಲ. ಬೇಕಾದ್ದನ್ನು ಸೈನಿಕರು ತಂದು ಓಣಿಯ ಬಾಯಲ್ಲಿ ಇಡುತ್ತಾರೆ. ವಾರ್ಡಿನಿಂದ ಹತ್ತು ಕೆಜಿ ಅಕ್ಕಿ ಬಂತು.

ಬುಟ್ಟಿ ಎಳೆದುಕೊಂಡ ಮೇಲೆ ಆರನೆಯಕ್ಕ ಕಿಟಕಿಯಿಂದ ಸರಿಯದೆ ನಿಂತರು.

"ಒಂದು ಮಾತು ಹೇಳ್ಲಾ? ಶುರುವಿಂದ್ಲೂ ಕೊಡ್ತಿರೋರು ನೀವೇ ಅಂತ ನಂಗೊತ್ತು. ಅವಳಿಗೆ ಬೇಡ ಅಂದೆ ನಾನು. ಏನಂದ್ಲು ಗೊತ್ತಾ? 'ನಂದಲ್ಲ ಅಕ್ಕಾ, ನಮ್ಮನೆಯವರು ಕೊಡು ಅಂದಿದಾರೆ. ಅವರಿಗೆ ಹೇಳ್ಕೊಳ್ಳೋಕೆ ಸಂಕೋಚ, ನೀವೂ ಬಾಯಿ ಬಿಡ್ಬೇಡಿ' ಅಂದ್ಲು."

ನಾನು ತಿದ್ದಲಿಲ್ಲ.

ಹಗ್ಗ ಸ್ವಲ್ಪ ಸಡಿಲವಾಗಿತ್ತು. ಬಿಗಿ ಮಾಡಿದೆ. ಮಧ್ಯಾಹ್ನವಿಡೀ ಫ್ರೀಜರ್ ಸ್ವಚ್ಛ ಮಾಡಿದೆ. ಆಗಸ್ಟ್ 7ರ ಪೊಟ್ಟಣ ತಳದಲ್ಲಿತ್ತು. ತೆಗೆದು ಮತ್ತೆ ಅಲ್ಲಿಯೇ ಇಟ್ಟೆ.

ಸೆಪ್ಟೆಂಬರ್ 4, ಶನಿವಾರ

ಸೈನಿಕರು ಥಾಮಳನ್ನು ತಂದರು. ಬಿಳಿಯ ಪಿಂಗಾಣಿ ಕುಂಭ, ಮೇಲೆ ಹೆಸರು, ಹುಟ್ಟಿದ ವರ್ಷ. ಹೆಸರಿನ ಅಕ್ಷರದ ಮೇಲಿನ ಸ್ವರಚಿಹ್ನೆ ಸರಿಯಾಗಿದೆಯೇ ಎಂದು ನೋಡಿದೆ. ಸರಿಯಾಗಿದೆ. ತಂದವರು ಎರಡೂ ಕೈಯಲ್ಲಿ ಹಿಡಿದು, ತಲೆ ಬಾಗಿಸಿ, "ಚಿಕ್ಕಪ್ಪ, ಇಲ್ಲೊಂದು ಸಹಿ ಹಾಕ್ಬೇಕು" ಎಂದರು. ಹಾಕಿದೆ.

ಅಮ್ಮ ಬಾಗಿಲಿಗೆ ಬಂದರು. "ಬಾ ತಾಯಿ, ಒಳಗೆ ಬಾ. ಎಷ್ಟು ಸುತ್ತಾಡಿಸಿದ್ರೋ ನಿನ್ನ. ನನ್ನ ಬಿಟ್ಟು ನಿನ್ನ ಕರ್ಕೊಂಡು ಹೋದ್ರಲ್ಲೇ, ಕಣ್ಣು ಕಾಣದೋರು." ಆಮೇಲೆ ನನಗೆ, "ಮೆಟ್ಟಿಲು ನೋಡ್ಕೊಂಡು ಕಣೋ" ಎಂದರು. ನಮ್ಮ ಬಾಗಿಲಿಗೆ ಇರುವುದು ಒಂದೇ ಮೆಟ್ಟಿಲು.

ಕುಂಭವನ್ನು ತೂಗಲಿಲ್ಲ.

ಸೆಪ್ಟೆಂಬರ್ 12, ಭಾನುವಾರ

ಸರ್ಕಾರದ ಅಕ್ಕಿ ಬಂತು, ತಲೆಗೆ ಹದಿನೈದು ಕೆಜಿ. ಮೂರು ಚೀಲ. ಮನೆಯಲ್ಲಿ ಈಗ ಇಬ್ಬರು ಎಂದು ಹೇಳಿದೆ.

ಬಂದಿದ್ದ ಸೈನಿಕ ಪಟ್ಟಿಯನ್ನು ಎರಡು ಸಲ ನೋಡಿದ. "ಪಟ್ಟೀಲಿ ಮೂರು ಹೆಸರಿದೆ ಚಿಕ್ಕಪ್ಪ. ವಾಪಸ್ ತಗೊಂಡು ಹೋದ್ರೆ ಲೆಕ್ಕಕ್ಕೆ ಬರಲ್ಲ. ಇಟ್ಕೊಳ್ಳಿ."

ಕಾರ್ಖಾನೆಯಿಂದಲೂ ಇಪ್ಪತ್ತೈದು ಕೆಜಿ ಕಳಿಸಿದ್ದಾರೆ. ಚೀಲಗಳನ್ನು ಮೆಟ್ಟಿಲ ಕೆಳಗೆ ಒಂದರ ಮೇಲೊಂದು ಜೋಡಿಸಿದೆ. ಮೊನ್ನೆ ಆರನೆಯಕ್ಕನ ಮನೆಗೂ ಬಂದಿದೆಯಂತೆ. ಆದರೂ ಮಧ್ಯಾಹ್ನ ಕಿಟಕಿ ತೆರೆದೇ ಇರುತ್ತದೆ. ಬುಟ್ಟಿ ಹೋಗುತ್ತದೆ.

ಅಕ್ಟೋಬರ್ 1, ಶುಕ್ರವಾರ

ನಲವತ್ತೊಂಬತ್ತನೆಯ ದಿನ. ಇಂದೇ ಬೆಳಿಗ್ಗೆ ಓಣಿಯ ಹಗ್ಗ, ತಗಡು ಎಲ್ಲವನ್ನೂ ಕಿತ್ತರು. ಮಹಡಿಯಿಂದ ನೋಡಿದೆ. ಜನ ಹೊಸ್ತಿಲಿನಲ್ಲಿಯೇ ನಿಂತಿದ್ದರು. ಸುಮಾರು ಹೊತ್ತು ಯಾರೂ ಕೆಳಗಿಳಿಯಲಿಲ್ಲ.

ಹನ್ನೊಂದಕ್ಕೆ ಆರನೆಯಕ್ಕ ಬಾಗಿಲು ತಟ್ಟಿದರು. ಎಂಬತ್ತನಾಲ್ಕು ದಿನಗಳ ನಂತರ ಅವರ ಪೂರ್ತಿ ಆಕೃತಿಯನ್ನು ಕಂಡೆ, ಅರ್ಧ ಇಳಿದಿದ್ದಾರೆ. ನೀಲಿ ಅಂಚಿನ ಬಟ್ಟಲಿನಲ್ಲಿ ನುಚ್ಚಕ್ಕಿ ಅನ್ನ, ಸುಟ್ಟ ಮಾಂಸ, ಈರುಳ್ಳಿ ಸೊಪ್ಪಿನ ಎಣ್ಣೆ. ಥಾಮಳ ಮುಂದೆ ಇಟ್ಟು, ಊದುಬತ್ತಿ ಹಚ್ಚಿ, ಮೂರು ಸಲ ಬಾಗಿದರು.

"ನಿನ್ನ ಗಂಡ ಕೊಟ್ಟ ಅನ್ನದಲ್ಲಿ ಮೂರು ಜೀವ ಉಳೀತು ಕಣೇ ಥಾಮ್," ಎಂದರು ಫೋಟೋಗೆ.

"ಆರನೆಯಕ್ಕ, ಹಾಗಲ್ಲ," ಎಂದೆ. ನನ್ನ ಸ್ವರ ಗಟ್ಟಿಯಾಗಿ ಬಂತು. "ನಾನು ಕೊಡು ಅನ್ನಲಿಲ್ಲ. ಅವಳು ಕೊಟ್ಟದ್ದು ಅವಳ ಊಟ. ನಾನು ಅದನ್ನೂ ತಡೆದೆ. ಅವಳಿಗೆ ಊಟ ಸೇರದಿದ್ದಾಗ ನಿಮಗಾಗಿ ಮುಚ್ಚಿಡುತ್ತಿದ್ದಾಳೆ ಅಂದುಕೊಂಡೆ. ನಾಲ್ಕು ದಿನ."

ಅವರು ಮೇಜಿನ ಮೇಲೆ ಬಿದ್ದಿದ್ದ ಊದುಬತ್ತಿಯ ಬೂದಿಯನ್ನು ಅಂಗೈಯಿಂದ ಒರೆಸಿದರು.

"ಗೊತ್ತು ಸಾಹೇಬ್ರೇ," ಎಂದರು. "ಎರಡು ಮೀಟರ್ ಓಣಿ. ದಿನಾ ಬೆಳಿಗ್ಗೆ ನೀವು ಡಬ್ಬಿ ತಲೆ ಸವರಿಸೋ ಸದ್ದು ನಮಗೂ ಕೇಳ್ತಿತ್ತು. ಕಿರ್ರ್ ಅಂತ, ಮೂರು ಸಲ. ನನ್ನ ಮೊಮ್ಮಕ್ಕಳು ಎಣಿಸ್ತಿದ್ರು. ಅವಳು ಹೇಳಿದ್ದನ್ನ ನಾನು ನಂಬಿರ್ಲಿಲ್ಲ. ಆದ್ರೆ ಅವಳಿಗೆ ಹಾಗೆ ಹೇಳೋಕೆ ಇಷ್ಟ ಇತ್ತು. ಅದಕ್ಕೇ ನಾನೂ ನಿಮ್ಮ ಹತ್ರ ಹಾಗೇ ಹೇಳಿದೆ."

ಅಮ್ಮ ಬಟ್ಟಲನ್ನು ಇಳಿಸಿ ನನ್ನ ಮುಂದಿಟ್ಟರು. ಈ ಸಲ ತಿಂದೆ. ಮಾಂಸ ಬೆಂದಿತ್ತು. ಉಪ್ಪು ಸರಿಯಾಗಿತ್ತು.

ಸಂಜೆ ಮೇಜನ್ನು ತೆಗೆದು ಫೋಟೋವನ್ನು ಹಿರಿಯರ ಪೀಠದ ಮೇಲಿಟ್ಟೆವು. ಇನ್ನು ದಿನವೂ ಬಟ್ಟಲು ಇಡುವಂತಿಲ್ಲ. ಅವಳು ಹೊರಟಳು ಎಂದು ಲೆಕ್ಕ. ಅಮ್ಮ ಮಲಗುವ ಮುಂಚೆ ಕೇಳಿದರು, "ನಾಳೆ ಎಷ್ಟು ಡಬ್ಬಿ ಹಾಕ್ತೀಯೋ?"

ಮೊದಲು ಅಕ್ಕಿ ತೂಗೋಣ ಎಂದು ಮೆಟ್ಟಿಲ ಕೆಳಗಿನಿಂದ ಚೀಲಗಳನ್ನು ಹೊರಗೆಳೆದೆ. ಒಂದೂವರೆ ತಿಂಗಳಿನಿಂದ ತೂಗಿರಲಿಲ್ಲ. ಹಳೆಯ ಚೀಲದ ಶೇಷ, ವಾರ್ಡಿನದು, ಕಾರ್ಖಾನೆಯದು, ಸರ್ಕಾರದ್ದು, ಥಾಮಳ ಹೆಸರಿನದು, ಎಲ್ಲ ಸೇರಿ ಐವತ್ತು ಕೆಜಿ.

ಜುಲೈ 8ರಂದು ತಂದದ್ದೂ ಐವತ್ತು.

ಎರಡು ಸಲ ತೂಗಿದೆ.